ಕಟ್ಟಿನೊಳಗಿನ ಮುಖಗಳು

ನಮ್ಮ ಬಳ್ಳಾರಿ ಸೀಮೆಯ ಹಳೆಯ ಮನೆಗಳಲ್ಲಿ ಪಡಸಾಲೆಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ತೊಲೆಯ ಕೆಳಗೆ, ಗೋಡೆಯ ಮೇಲುಭಾಗದಲ್ಲಿ, ಸ್ವಲ್ಪ ಮುಂದಕ್ಕೆ ಬಾಗಿಸಿ ತೂಗುಹಾಕಿದ ಫೋಟೋಗಳ ಸಾಲು. ಮೊದಲು ದೇವರ ಪಟಗಳು, ಆಮೇಲೆ ಮಠದ ಸ್ವಾಮಿಗಳು, ಅವರ ಪಕ್ಕದಲ್ಲಿ ಮನೆಯ ಹಿರಿಯರು. ಗುಬ್ಬಿಗಳು ಅವುಗಳ ಹಿಂದೆ ಗೂಡು ಕಟ್ಟುತ್ತಿದ್ದವು. ಹಬ್ಬಕ್ಕೆ ಸುಣ್ಣ ಬಳಿಯುವಾಗ ಮಾತ್ರ ಈ ಹಿರಿಯರು ಕೆಳಗಿಳಿದು, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿಸಿಕೊಂಡು, ಮತ್ತೆ ಮೊಳೆಗೆ ಏರುತ್ತಿದ್ದರು. ಊರಿನ ಹೊಲಗದ್ದೆಗಳ ಲೆಕ್ಕ ಕರಣಂ ಅವರ ದಫ್ತರದಲ್ಲಿ ಸಿಗುತ್ತದೆ. ಆದರೆ ಊರಿನ ಮನುಷ್ಯರು ಏನು ಉಟ್ಟರು, ಯಾರ ಪಕ್ಕದಲ್ಲಿ ಯಾರು ಕೂತರು, ಯಾರು ನಿಂತೇ ಇದ್ದರು ಎನ್ನುವ ಲೆಕ್ಕ ಸಿಗುವುದು ಈ ಕಟ್ಟು ಹಾಕಿಸಿದ ಫೋಟೋಗಳಲ್ಲಿ. ಓದಲು ಬಂದರೆ ಅದೂ ಒಂದು ದಫ್ತರವೇ.

ಸಮಾಜ ಪಾಠ ಹೇಳುವವಳಾದ್ದರಿಂದ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ಮೂರೂ ಕಡೆ ನನ್ನ ಮಕ್ಕಳಿಗೆ ಒಂದು ಕೆಲಸ ಕೊಡುತ್ತಾ ಬಂದಿದ್ದೇನೆ. ಮನೆಯಲ್ಲಿರುವ ಅತಿ ಹಳೆಯ ಫೋಟೋ ನೋಡಿ, ಅದರಲ್ಲಿರುವವರ ಹೆಸರು, ತೆಗೆಸಿದ ವರ್ಷ, ಸಂದರ್ಭ ಇವಿಷ್ಟನ್ನು ಬರೆದುಕೊಂಡು ಬನ್ನಿ ಎಂದು. ಮೂವತ್ತು ವರ್ಷಗಳಿಂದ ಉತ್ತರಗಳು ಹೆಚ್ಚುಕಡಿಮೆ ಒಂದೇ ತರಹ ಬರುತ್ತಿವೆ. ಕುರ್ಚಿಯಲ್ಲಿ ಕೂತ ಗಂಡಸಿಗೆ ಹೆಸರಿದೆ, ಮನೆತನದ ಅಡ್ಡಹೆಸರಿದೆ, ಆತನಿಗೆ ಎಷ್ಟು ಎಕರೆ ಎರೆಹೊಲವಿತ್ತು ಎನ್ನುವುದೂ ಗೊತ್ತಿದೆ. ಪಕ್ಕದಲ್ಲಿ ನಿಂತ ಹೆಂಗಸು ಮಾತ್ರ "ಅಜ್ಜಿ", ಇಲ್ಲವೇ "ಅಜ್ಜನ ಎರಡನೇ ಹೆಂಡತಿ", ಇಲ್ಲವೇ "ಯಾರೋ ಗೊತ್ತಿಲ್ಲ". ಸಿರುಗುಪ್ಪದಲ್ಲಿ ಒಬ್ಬ ಹುಡುಗಿಯನ್ನು, ಆ ಅಜ್ಜಿಯ ಹೆಸರು ಕೇಳಿಕೊಂಡು ಬಾರಮ್ಮ ಎಂದು ಎರಡನೇ ಸಲ ಕಳಿಸಿದೆ. ಮರುದಿನ ಬಂದವಳು, "ನಮ್ಮಪ್ಪಗೂ ಗೊತ್ತಿಲ್ರೀ ಟೀಚರ್. ಎಲ್ಲಾರೂ ಅವ್ವ ಅಂತಿದ್ರಂತ, ಅಷ್ಟ" ಎಂದಳು.

ಮುಖ ಉಳಿದಿದೆ, ಹೆಸರು ಹೋಗಿದೆ. ನಮ್ಮ ಕಡೆಯ ಭಾವಚಿತ್ರಗಳ ಚರಿತ್ರೆಯನ್ನು ಬಿಡಿಸುತ್ತಾ ಹೋದರೆ ಈ ಗಂಟು ಮತ್ತೆ ಮತ್ತೆ ಕೈಗೆ ಸಿಗುತ್ತದೆ. ಯಾರ ಮುಖ ಉಳಿಯಿತು, ಯಾರ ಹೆಸರು ಉಳಿಯಿತು, ಎರಡೂ ಒಟ್ಟಿಗೆ ಉಳಿಯುವ ಭಾಗ್ಯ ಹೆಣ್ಣುಮಕ್ಕಳಿಗೆ ಯಾವಾಗ ಬಂತು? ಸಮಾಜ ಬದಲಾದದ್ದನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗಂತೂ ಕಂಡಿಲ್ಲ.

ಕ್ಯಾಮೆರಾ ಬರುವುದಕ್ಕೆ ಮೊದಲು ಮನುಷ್ಯರ ರೂಪವನ್ನು ಕಾಪಾಡುತ್ತಿದ್ದುದು ಕಲ್ಲು. ಕುರುಗೋಡು ಹನ್ನೆರಡನೇ ಶತಮಾನದಲ್ಲಿ ಸಿಂದ ಅರಸರ ರಾಜಧಾನಿಯಾಗಿದ್ದ ಊರು. ಅಲ್ಲಿನ ದೊಡ್ಡಬಸವೇಶ್ವರನ ಏಕಶಿಲೆಯ ಬಸವಣ್ಣನ ಮುಂದೆ ಕೈಮುಗಿದು ನಿಂತಾಗಲೆಲ್ಲ, ಕಲ್ಲಿಗೆ ಇಷ್ಟು ಜೀವ ತುಂಬಬಲ್ಲ ಶಿಲ್ಪಿಗಳು ನಮ್ಮ ನಾಡಿನ ಹೆಂಗಸರನ್ನು ಹೇಗೆ ಕಡೆದರು ಎಂಬ ಯೋಚನೆ ಬರುತ್ತದೆ. ಕರ್ನಾಟಕದ ಉದ್ದಗಲಕ್ಕೂ ಇರುವ ವೀರಗಲ್ಲುಗಳಲ್ಲಿ ಕತ್ತಿ ಹಿಡಿದ ವೀರ ಪೂರ್ತಿಯಾಗಿ ಇದ್ದಾನೆ. ಹೋರಾಡುತ್ತಾನೆ, ಅಪ್ಸರೆಯರ ಜೊತೆ ಸ್ವರ್ಗಕ್ಕೆ ಹೋಗುತ್ತಾನೆ. ಗಂಡನ ಚಿತೆ ಏರಿದವಳ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳಲ್ಲಿ ಬಹಳಷ್ಟರ ಮೇಲೆ ಇರುವುದು ಬಳೆ ತೊಟ್ಟ ಒಂದು ತೋಳು ಮಾತ್ರ. ಬಳೆಗಳನ್ನು ಎಣಿಸಬಹುದು, ಮುಖ ನೋಡಲಾಗದು.

1839ರಲ್ಲಿ ಪ್ಯಾರಿಸ್ಸಿನಲ್ಲಿ ದಾಗೇರ್ ಎಂಬಾತನ ವಿಧಾನ ಪ್ರಕಟವಾದ ಮೇಲೆ ಫೋಟೋಗ್ರಫಿ ಬಹಳ ಬೇಗ ಹಡಗು ಹತ್ತಿ ಭಾರತಕ್ಕೆ ಬಂತು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಂಡಿನ ಊರು. 1856ರಲ್ಲಿ ಮದ್ರಾಸಿನಲ್ಲಿ ಫೋಟೋಗ್ರಫಿ ಸಂಘ ಹುಟ್ಟಿತು. ಅದೇ ವರ್ಷ ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಗುಡಿಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವ ತನಕ ಹಂಪಿ ನಮ್ಮ ಜಿಲ್ಲೆಯದೇ ಆಗಿತ್ತು. ಕಾಗದದ ನೆಗೆಟಿವ್ ಅನ್ನು ಬೆಳಕಿಗೆ ಬಹಳ ಹೊತ್ತು ತೆರೆದಿಡಬೇಕಾಗಿದ್ದರಿಂದ ಎದುರಿಗೆ ಓಡಾಡುವವರು ಅದರಲ್ಲಿ ಮೂಡುತ್ತಲೇ ಇರಲಿಲ್ಲ. ಹೀಗಾಗಿ ನಮ್ಮ ಸೀಮೆಯ ಮೊದಮೊದಲ ಚಿತ್ರಗಳಲ್ಲಿ ಕಲ್ಲುಕಂಬ, ಗೋಪುರ, ತೇರು ಎಲ್ಲ ಸ್ಪಷ್ಟ. ಜನ ಮಾತ್ರ ಅಪರೂಪ.

ಜನರ ಕಡೆಗೆ ಕ್ಯಾಮೆರಾ ತಿರುಗಿದಾಗಲೂ ಅದು ಆಳುವವರ ಕೈಯಲ್ಲಿತ್ತು. 1857ರ ದಂಗೆಯ ನಂತರ, ತಾವು ಆಳುವ ಜನ ಎಂಥವರೆಂದು ತಿಳಿಯುವ ಆತುರ ಬ್ರಿಟಿಷರಿಗೆ ಹೆಚ್ಚಿತು. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳು ಬಂದವು. ಅದರ ಬಹುಪಾಲು ಪುಟಗಳಲ್ಲಿ ಇರುವವರು ಒಬ್ಬೊಬ್ಬ ಮನುಷ್ಯರಾಗಿ ಇಲ್ಲ, ತಮ್ಮ ತಮ್ಮ ಜಾತಿಯ ಮಾದರಿಗಳಾಗಿ ಇದ್ದಾರೆ. ಅಂಗಡಿಯಲ್ಲಿ ಧಾನ್ಯದ ಮಾದರಿ ಇಡುತ್ತಾರಲ್ಲ, ಹಾಗೆ. ಮುಂದೆ 1876ರಿಂದ 1878ರವರೆಗೆ ಧಾತು, ಈಶ್ವರ ಸಂವತ್ಸರಗಳ ಘೋರ ಬರ ಬಂತು. ಬಳ್ಳಾರಿ ಜಿಲ್ಲೆ ಅದರ ನಡುಬಾಯಿಗೆ ಸಿಕ್ಕಿತ್ತು. 1871ರ ಜನಗಣತಿಗಿಂತ 1881ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ ಇಳಿದಿತ್ತು ಎಂದರೆ ಊಹಿಸಿಕೊಳ್ಳಿ. ಆ ಬರದಲ್ಲಿ ಹೂಪರ್ ಎಂಬ ಸೈನ್ಯಾಧಿಕಾರಿ ಮದ್ರಾಸ್ ಪ್ರಾಂತ್ಯದ ಹಸಿದವರನ್ನು ಗುಂಪುಗುಂಪಾಗಿ ಕೂಡಿಸಿ ಫೋಟೋ ತೆಗೆದ. ಮನೆಮಂದಿಯ ಗ್ರೂಪ್ ಫೋಟೋದಂತೆಯೇ ಹಿಂದೆ ನಿಂತವರು, ಮುಂದೆ ಕೂತವರು, ತೊಡೆಯ ಮೇಲೆ ಕೂಸು. ಎಲುಬುಗಳನ್ನು ಎಣಿಸಬಹುದಾದ ಆ ತಾಯಂದಿರ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ.

1909ರಲ್ಲಿ ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್, ಕೆ. ರಂಗಾಚಾರಿ ಅವರ ನೆರವಿನಿಂದ, ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟಗಳನ್ನು ಹೊರತಂದರು. ನಮ್ಮ ಬಳ್ಳಾರಿಯ ಬೇಡರೂ ಅದರಲ್ಲಿದ್ದಾರೆ. ತಲೆಯ ಅಗಲ, ಮೂಗಿನ ಉದ್ದ ಎಲ್ಲ ಅಳೆದು ಬರೆದ ಪುಸ್ತಕ ಅದು. ಮೂಗಿನ ಅಳತೆ ಸಿಕ್ಕಿತು, ಮೂಗುತಿ ಹಾಕಿದವಳ ಹೆಸರು ಸಿಗಲಿಲ್ಲ. ಇದಕ್ಕೆ ಉತ್ತರ ಕೊಟ್ಟದ್ದು ನೂರು ವರ್ಷಗಳ ನಂತರ ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. 2000ದಿಂದ 2004ರವರೆಗೆ ಫೋಟೋಗ್ರಾಫರ್ ಕ್ಲೇರ್ ಆರ್ನಿಯವರ ಜೊತೆಗೂಡಿ ಅವರು ಮಾಡಿದ ಚಿತ್ರಮಾಲೆಯಲ್ಲಿ, ಹಳೆಯ ಅಳತೆಯ ಫೋಟೋಗಳ ಹೆಂಗಸರ ವೇಷದಲ್ಲಿ ತಾವೇ ನಿಂತರು. ಚೌಕಳಿ ಪರದೆಯ ಮುಂದೆ ಹಾಗೆ ನಿಂತವಳು ಈಗ ಯಾರದೋ ಮಾದರಿಯಲ್ಲ, ಚಿತ್ರದ ಒಡತಿ.

ಹಾಗೆಂದು ಸರ್ಕಾರ ತೆಗೆದ ಫೋಟೋಗಳಲ್ಲೇ ನಮ್ಮ ಕಥೆ ಮುಗಿಯಲಿಲ್ಲ. ತಾವಾಗಿ ದುಡ್ಡು ಕೊಟ್ಟು ಫೋಟೋ ತೆಗೆಸಿಕೊಳ್ಳುವ ಹಂಬಲವೂ ನಿಧಾನವಾಗಿ ಬಂತು. ಆದರೆ ಪರಗಂಡಸಿನ ಎದುರಿಗೆ ಹೆಂಗಸು ಮುಖ ತೋರಿಸಿ ಕೂರುವುದು ಹೇಗೆ? ಸಿರುಗುಪ್ಪದಲ್ಲಿ ತುಂಗಭದ್ರೆಯ ದಂಡೆಗೆ ನಿಂತರೆ ಆಚೆ ಕಾಣುತ್ತಿದ್ದುದು ನಿಜಾಮರ ಸೀಮೆ. ಆ ನಿಜಾಮರ ಆಸ್ಥಾನದ ಹೆಸರಾಂತ ಫೋಟೋಗ್ರಾಫರ್ ರಾಜಾ ದೀನದಯಾಳರು 1892ರಲ್ಲಿ ಜನಾನಾದ ಹೆಂಗಸರಿಗಾಗಿಯೇ ಬೇರೆ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಇಂಗ್ಲಿಷ್ ಹೆಂಗಸಿನ ಕೈಗೊಪ್ಪಿಸಿದರು. ಅದು ಸಿರಿವಂತರ ಮಾತು. ಸಾಮಾನ್ಯರ ಮನೆಗಳಲ್ಲಿ ಫೋಟೋ ಎಂದರೆ ನಾಟಕದವರದು ಎನ್ನುವ ಭಾವನೆ ಬಹಳ ಕಾಲ ಉಳಿಯಿತು. ಬಳ್ಳಾರಿ ಎಂದರೆ ನಾಟಕದ ತವರು ತಾನೇ! ವಕೀಲರಾಗಿದ್ದೂ ರಂಗಭೂಮಿಗೆ ಜೀವ ಕೊಟ್ಟ ಬಳ್ಳಾರಿ ರಾಘವರು (1880-1946) ಸ್ತ್ರೀ ಪಾತ್ರವನ್ನು ಸ್ತ್ರೀಯರೇ ಮಾಡಬೇಕೆಂದು ಹಟ ಹಿಡಿದವರು. 1981ರಲ್ಲಿ ಅವರ ಮುಖ ಅಂಚೆಚೀಟಿಯ ಮೇಲೂ ಬಂತು. ಆದರೆ ಮರ್ಯಾದಸ್ಥರ ಮನೆಯ ಹುಡುಗಿ ಸ್ಟುಡಿಯೋಕ್ಕೆ ಹೊರಟರೆ, "ನಾಟಕದಾಕಿ ಹಂಗ ಫೋಟೋ ತೆಗಿಸ್ಕಂತಿಯೇನು?" ಎನ್ನುವ ಮಾತು ನಮ್ಮ ಅಮ್ಮಂದಿರ ಕಾಲದಲ್ಲೂ ಇತ್ತು. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಮ್ಮಿಯಾಗುತ್ತದೆ ಎನ್ನುವ ಹೆದರಿಕೆ ಅದಕ್ಕೆ ಒತ್ತಾಸೆ.

ಇಷ್ಟಾದರೂ ಸ್ಟುಡಿಯೋದ ಮೆಟ್ಟಿಲು ಹತ್ತಿದ ಕುಟುಂಬಗಳ ಗ್ರೂಪ್ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿ. ಅತಿ ಹಳೆಯವುಗಳಲ್ಲಿ ಗಂಡಸರಷ್ಟೇ ಇರುತ್ತಾರೆ: ರುಮಾಲು, ಕೋಟು, ಕೆಳಗೆ ಕಚ್ಚೆಪಂಚೆ, ಕೈಯಲ್ಲೊಂದು ಬೆತ್ತ. ಆಮೇಲಿನವುಗಳಲ್ಲಿ ಯಜಮಾನ ಕುರ್ಚಿಯಲ್ಲಿ, ಹೆಂಡತಿ ಪಕ್ಕದಲ್ಲಿ ನಿಂತು. ಮಗನನ್ನು ಹೆತ್ತು ಅತ್ತೆಯಾದ ಮೇಲೆ ಅವಳಿಗೂ ಕುರ್ಚಿ ಸಿಗುತ್ತದೆ. ಈಗ ನಿಲ್ಲುವ ಸರದಿ ಸೊಸೆಯದು. ಅರವತ್ತರ ದಶಕ ದಾಟುತ್ತಿದ್ದಂತೆ ಗಂಡ ಹೆಂಡತಿ ಇಬ್ಬರೂ ಅಕ್ಕಪಕ್ಕ ಕೂತರು, ನಡುವೆ ಒಂದು ಗೇಣು ಜಾಗ ಬಿಟ್ಟು. ಎಂಬತ್ತರ ದಶಕದಲ್ಲಿ ಆ ಗೇಣೂ ಹೋಯಿತು, ಭುಜದ ಮೇಲೆ ಕೈ ಬಂತು. ಕುರ್ಚಿಯಿಂದ ಕುರ್ಚಿಗೆ ಸಾಗಿದ ಈ ಪಯಣಕ್ಕೆ ಸುಮಾರು ಎಪ್ಪತ್ತು ವರ್ಷ ಹಿಡಿಯಿತು. ಯಾವ ಶಾಸನಸಭೆಯ ಕಡತದಲ್ಲೂ ಇದು ದಾಖಲಾಗಿಲ್ಲ.

ಹೆಣ್ಣುಮಕ್ಕಳು ಒಂಟಿಯಾಗಿ ಕ್ಯಾಮೆರಾ ಎದುರು ನಿಂತದ್ದು ಮೊಗ್ಗಿನ ಜಡೆಯ ನೆಪದಲ್ಲಿ. ಮಲ್ಲಿಗೆ ಮೊಗ್ಗು ಪೋಣಿಸಿ ಹೆಣೆದ ಜಡೆ ಬೆನ್ನ ಮೇಲಿರುತ್ತದೆ, ಮುಖ ಮುಂದಿರುತ್ತದೆ, ಫೋಟೋ ಒಂದೇ! ಅದಕ್ಕೆ ಸ್ಟುಡಿಯೋದವರು ಹುಡುಗಿಯ ಹಿಂದೆ ಒಂದು ನಿಲುಗನ್ನಡಿ ಇಡುತ್ತಿದ್ದರು. ಹಿಂದಿನ ಪರದೆಯಲ್ಲಿ ತಾಜಮಹಲೋ, ಬೆಳದಿಂಗಳ ಕೆರೆಯೋ ಬರೆದಿರುತ್ತಿತ್ತು. ನಮ್ಮ ವಯಸ್ಸಿನ ಎಷ್ಟು ಜನರ ಬಳಿ ಈ ಫೋಟೋ ಇದೆಯೋ! ಹುಡುಗಿ ಸ್ವಲ್ಪ ದೊಡ್ಡವಳಾದ ಮೇಲೆ ತೆಗೆಸುತ್ತಿದ್ದುದು ಗಂಡಿನ ಕಡೆಯವರಿಗೆ ಕಳಿಸುವ ಫೋಟೋ. ಒಪ್ಪಿಗೆಯಾಗದಿದ್ದರೆ ಅದು ವಾಪಸು ಬರುತ್ತಿತ್ತು. ಒಂದೇ ಫೋಟೋ ಎರಡು ಮೂರು ಊರು ಸುತ್ತಿ, ಮೂಲೆ ಮಡಿಚಿಕೊಂಡು ಬಂದದ್ದೂ ಉಂಟು. ಆ ಮಡಿಕೆಗಳೂ ಚರಿತ್ರೆಯೇ.

ಇನ್ನು ಎಷ್ಟೋ ಅಜ್ಜಿಯಂದಿರಿಗೆ ಬದುಕಿನಲ್ಲಿ ಒಂದೇ ಫೋಟೋ, ಅದೂ ತೀರಿಕೊಂಡ ಮೇಲೆ. ನಮ್ಮ ಕಡೆ ಲಿಂಗಾಯತರಲ್ಲಿ ತೀರಿಹೋದವರನ್ನು ವಿಭೂತಿ ಹಚ್ಚಿ, ಹೂಮಾಲೆ ಹಾಕಿ ಕೂಡಿಸುತ್ತಾರೆ; ಕೂತ ಭಂಗಿಯಲ್ಲೇ ಸಮಾಧಿ ಮಾಡುತ್ತಾರೆ. ಆಗ ಫೋಟೋದವರನ್ನು ಕರೆಸಿ, ಸುತ್ತ ಮಕ್ಕಳು ಮೊಮ್ಮಕ್ಕಳು ಕೂತು ಫೋಟೋ ತೆಗೆಸುವ ರೂಢಿ ಬೆಳೆಯಿತು. ಜೀವಮಾನವೆಲ್ಲ ಒಲೆಯ ಮುಂದೆ, ಇಲ್ಲವೇ ಫೋಟೋದ ಅಂಚಿನಲ್ಲಿ ಇದ್ದವಳು ಅವತ್ತು ನಟ್ಟನಡುವೆ ಇರುತ್ತಾಳೆ. ಆಮೇಲೆ ಆ ಮುಖವನ್ನಷ್ಟೇ ಎನ್ಲಾರ್ಜ್ ಮಾಡಿಸಿ ಕಟ್ಟು ಹಾಕಿಸುವಾಗ, ಸ್ಟುಡಿಯೋದ ಕಲಾವಿದ ಸಣ್ಣ ಕುಂಚದಿಂದ ಮುಚ್ಚಿದ ಕಣ್ಣು ತೆರೆಸುತ್ತಿದ್ದ, ಸೀರೆಗೆ ಹಸಿರು, ಕೆನ್ನೆಗೆ ನಸುಗೆಂಪು ಹಚ್ಚುತ್ತಿದ್ದ. ಜೋಡಿಯಾಗಿ ಫೋಟೋ ತೆಗೆಸಿಕೊಳ್ಳದ ಗಂಡ ಹೆಂಡತಿಯನ್ನು ಎರಡು ಬೇರೆ ಬೇರೆ ಫೋಟೋಗಳಿಂದ ಕತ್ತರಿಸಿ ಒಂದೇ ಕಟ್ಟಿನಲ್ಲಿ ಕೂಡಿಸುತ್ತಿದ್ದುದೂ ಅವನೇ. ನಮ್ಮ ಪಡಸಾಲೆಗಳ ಬಹಳ ದಾಂಪತ್ಯಗಳು ಹೀಗೆ ಕತ್ತರಿ, ಅಂಟಿನಿಂದ ಆದವು ಎಂದರೆ ತಪ್ಪಾಗಲಾರದು.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆಲೂರು, ಆದವಾನಿ, ರಾಯದುರ್ಗ ಆಂಧ್ರದ ಪಾಲಾದವು. ಅದೇ ವರ್ಷ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯಲು ಶುರುವಾಯಿತು. ಮುಂದೆ ಕಾಲುವೆಯ ನೀರು ಸಿರುಗುಪ್ಪದ ಕಡೆಗೆ ಬಂದ ಹಾಗೆ ಜೋಳ, ಹತ್ತಿಯ ಹೊಲಗಳು ಭತ್ತದ ಗದ್ದೆಗಳಾದವು. ಕರಾವಳಿ ಆಂಧ್ರದಿಂದ ರೈತರು ಬಂದು ನೆಲೆಸಿದರು. ಅವರ ಊರುಗಳು ಇಂದಿಗೂ 'ಕ್ಯಾಂಪ್' ಎಂದೇ ಹೆಸರಾಗಿವೆ. ಈ ನೀರು ಫೋಟೋಗಳಲ್ಲೂ ಕಾಣುತ್ತದೆ! ಕಾಲುವೆಗೆ ಮುಂಚಿನ ಮದುವೆ ಫೋಟೋದಲ್ಲಿ ಇಳಕಲ್ ಸೀರೆ, ಬರಿಗಾಲು, ಕೊರಳಲ್ಲಿ ಗುಂಡಿನ ಸರ. ಕಾಲುವೆಯ ನಂತರ ರೇಷ್ಮೆ, ನೈಲಾನ್, ಮದುಮಗನ ಕೈಗೆ ಗಡಿಯಾರ, ಮದುಮಗಳ ಕಾಲಿಗೂ ಚಪ್ಪಲಿ. ಟ್ರಾನ್ಸಿಸ್ಟರ್ ರೇಡಿಯೋವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡ ಮಾವಂದಿರನ್ನೂ ನೋಡಿದ್ದೇನೆ. ಫಿಲ್ಮ್ ಕೂಡ ದೇಶದ್ದೇ ಬಂತು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 1967ರಿಂದ 'ಇಂದು' ಹೆಸರಿನ ಫಿಲ್ಮ್ ತಯಾರಿಸಿತು. ಅಗ್ಫಾ ಕ್ಲಿಕ್ 3ರಂಥ ಪುಟ್ಟ ಕ್ಯಾಮೆರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಫೋಟೋ. ಹನ್ನೆರಡರಲ್ಲಿ ಹೆಂಗಸರ ಪಾಲಿಗೆ ಎಷ್ಟು ಬರಬೇಕೆಂದು ತೀರ್ಮಾನಿಸುತ್ತಿದ್ದುದು ಮಾತ್ರ ಕ್ಯಾಮೆರಾ ಹಿಡಿದ ಅಣ್ಣನೋ ಭಾವನೋ.

ಆದರೆ ಕೂಲಿ ಮಾಡುವ ಹೆಂಗಸಿಗೆ ಸ್ಟುಡಿಯೋ, ಕ್ಯಾಮೆರಾ ಎರಡೂ ದೂರವೇ ಇದ್ದವು. ಅವಳ ಬಳಿಗೆ ಫೋಟೋ ಬಂದದ್ದು ಮತ್ತೆ ಸರ್ಕಾರದ ಮೂಲಕ. ಈ ಸಲದ ಬರವು ಬೇರೆ ರೀತಿಯದು. 1993ರಲ್ಲಿ ಮುಖ್ಯ ಚುನಾವಣಾ ಆಯುಕ್ತ ಟಿ.ಎನ್. ಶೇಷನ್ ಅವರು ಮತದಾರರಿಗೆ ಫೋಟೋ ಇರುವ ಗುರುತಿನ ಚೀಟಿ ಕೊಡಬೇಕೆಂದು ಹಟ ಹಿಡಿದರು. ನಂತರದ ವರ್ಷಗಳಲ್ಲಿ ಊರೂರಿಗೂ ಕ್ಯಾಮೆರಾ ಬಂತು. ನಾನಾಗ ಸಿರುಗುಪ್ಪ ತಾಲ್ಲೂಕಿನ ಶಾಲೆಯೊಂದಕ್ಕೆ ಹೊಸದಾಗಿ ಸೇರಿದ್ದೆ. ಮೇಷ್ಟರು, ಟೀಚರುಗಳಿಗೆ ಹೆಸರು ಬರೆಯುವ ಕೆಲಸ. ಗದ್ದೆಯಿಂದ ಕೆಸರುಗಾಲಲ್ಲೇ ಬಂದ ಹೆಂಗಸರು ಸಾಲಾಗಿ ನಿಂತಿದ್ದರು. ಗಂಡನ ಹೆಸರು ಹೇಳಮ್ಮ ಎಂದರೆ ಒಬ್ಬರೂ ಬಾಯಿ ಬಿಡುವುದಿಲ್ಲ, ಹೆಂಡತಿಯಾದವಳು ಆ ಹೆಸರೆತ್ತಬಾರದಲ್ಲ! "ಕುರುಗೋಡು ದ್ಯಾವರ ಹೆಸ್ರು ನೋಡ್ರೀ ನಮ್ಮ ಮನಿಯವರದು, ಬರ್ಕಳ್ರಿ" ಎಂದು ಒಬ್ಬಾಕೆ ಒಗಟು ಹಾಕಿದಳು. ನಕ್ಕು ಬರೆದುಕೊಂಡೆ. ಆಮೇಲೆ ನಿನ್ನ ಹೆಸರು ಏನಮ್ಮ ಎಂದಾಗ ಆಕೆ ಒಂದು ಗಳಿಗೆ ಸುಮ್ಮನಾದಳು. ಇಂಥವನ ಹೆಂಡತಿ, ಇಂಥವನ ಅವ್ವ ಎಂದು ಕರೆಸಿಕೊಂಡು ಬಹಳ ಕಾಲವಾಗಿತ್ತು. ತನ್ನ ಹೆಸರನ್ನು ಪೆಟ್ಟಿಗೆಯ ತಳದಿಂದ ತೆಗೆದ ಹಾಗೆ ಮೆಲ್ಲಗೆ ತೆಗೆದು ಹೇಳಿದಳು.

ಚೀಟಿ ಕೈಗೆ ಬಂದಾಗ ಆ ಹೆಂಗಸರು ಅದನ್ನು ಬಿಸಿಲಿಗೆ ಹಿಡಿದು ನೋಡಿಕೊಂಡದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಫೋಟೋ ಏನೂ ಚೆಂದವಿರಲಿಲ್ಲ. ಮುಖ ಕಪ್ಪಗೆ, ಕಣ್ಣು ಹೆದರಿದ ಹಾಗೆ. "ನಾನೇನಾ ಇದು?" ಎಂದು ನಗುತ್ತಿದ್ದರು. ಆದರೆ ಥರ್ಸ್ಟನ್‌ರ ಪುಸ್ತಕದಲ್ಲಿ ಇಲ್ಲದ್ದು, ನಮ್ಮ ಪಡಸಾಲೆಯ ಕಟ್ಟುಗಳಲ್ಲೂ ಇಲ್ಲದ್ದು ಒಂದು ಅದರಲ್ಲಿತ್ತು: ಅವಳ ಮುಖದ ಜೊತೆಗೆ ಅವಳದೇ ಹೆಸರು. ಮತಗಟ್ಟೆಗೆ ಹೋದರೆ ಅದನ್ನು ನೋಡಿ ಅವಳ ಬೆರಳಿಗೇ ಶಾಯಿ ಹಚ್ಚಬೇಕು, ಬೇರೆಯವರು ಅವಳ ಹೆಸರಲ್ಲಿ ಮತ ಹಾಕುವಂತಿಲ್ಲ. ಸೌಂದರ್ಯಕ್ಕಾಗಿ ತೆಗೆದ ಸಾವಿರ ಫೋಟೋಗಳಿಗಿಂತ ಈ ಅಂದಗೇಡಿ ಫೋಟೋ ನಮ್ಮ ಹೆಂಗಸರಿಗೆ ಹೆಚ್ಚು ಕೊಟ್ಟಿತು ಎಂದು ನನಗೆ ಅನ್ನಿಸುತ್ತದೆ.

ಆ ದಾರಿ ಮುಂದುವರಿದಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಕುರ್ಚಿಯ ಪಕ್ಕದಲ್ಲಿ ನಿಲ್ಲುತ್ತಿದ್ದವಳ ಮೊಮ್ಮಗಳು ಈಗ ಚೀಟಿಯ ಮೊದಲ ಸಾಲಿನಲ್ಲಿದ್ದಾಳೆ. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ಕುರುಗೋಡಿನಿಂದ ಬಳ್ಳಾರಿಗೆ ಕೆಂಪು ಬಸ್ಸು ಹತ್ತುವ ಹೆಂಗಸರು ಕಂಡಕ್ಟರಿಗೆ ತಮ್ಮ ಫೋಟೋ ಇರುವ ಗುರುತಿನ ಚೀಟಿ ತೋರಿಸುತ್ತಾರೆ. ಮದುವೆಗಾಗಿ ಹೆಣ್ಣಿನ ಫೋಟೋ ಊರೂರು ತಿರುಗುತ್ತಿದ್ದ ಕಾಲವೊಂದಿತ್ತು, ಹೆಣ್ಣು ಮನೆಯಲ್ಲೇ ಇರುತ್ತಿದ್ದಳು. ಈಗ ಫೋಟೋ ಹಿಡಿದುಕೊಂಡು ಅವಳೇ ತಿರುಗುತ್ತಾಳೆ.

ಇಂದು ಎಲ್ಲರ ಕೈಯಲ್ಲೂ ಫೋನಿದೆ. ನನ್ನ ತರಗತಿಯ ಹುಡುಗಿಯರು ಒ೦ದು ಹಬ್ಬಕ್ಕೆ ತೆಗೆದುಕೊಳ್ಳುವಷ್ಟು ಫೋಟೋಗಳನ್ನು ನಮ್ಮ ಅಜ್ಜಿಯರ ಮೂರು ತಲೆಮಾರು ಸೇರಿದರೂ ತೆಗೆಸಿಕೊಂಡಿರಲಿಲ್ಲ. ಯಾರ ಅಪ್ಪಣೆಯೂ ಬೇಕಿಲ್ಲ, ಕ್ಯಾಮೆರಾ ಅವರ ಕೈಯಲ್ಲೇ ಇದೆ. ನೋಡಿ ಸಂತೋಷಪಡುತ್ತೇನೆ. ಆದರೆ ಫೋನು ಕೆಟ್ಟರೆ ಫೋಟೋ ಹೋಯಿತು. ಉಳಿದರೂ ಅದಕ್ಕೆ ಬೆನ್ನಿಲ್ಲ, ಹೆಸರು ಬರೆಯುವುದೆಲ್ಲಿ? ಇನ್ನು ಐವತ್ತು ವರ್ಷದ ನಂತರ ಯಾರಾದರೂ ಮೊಮ್ಮಗಳು ಅವನ್ನು ನೋಡಿದರೆ ಅವಳಿಗೂ ಸಿಗುವುದು ಹೆಸರಿಲ್ಲದ ಮುಖಗಳೇ. ಊಟಿಯ ಫಿಲ್ಮ್ ಕಾರ್ಖಾನೆ ಮುಚ್ಚಿದೆ, ಊರಿನ ಹಳೆಯ ಸ್ಟುಡಿಯೋಗಳ ನೆಗೆಟಿವ್‌ಗಳು ಗುಜರಿ ಸೇರುತ್ತಿವೆ. ಹೊಸ ಮನೆ ಕಟ್ಟಿಸಿದವರು ಹಳೆಯ ಕಟ್ಟುಗಳನ್ನು ಅಟ್ಟಕ್ಕೆ ಹಾಕಿದ್ದಾರೆ, ಗೆದ್ದಲು ತನ್ನ ಕೆಲಸ ಮಾಡುತ್ತಿದೆ.

ಆದ್ದರಿಂದ ನನ್ನ ಓದುಗ ಗೆಳತಿಯರಲ್ಲಿ ಒಂದು ಮಾತು. ಮುಂದಿನ ಸಲ ತವರಿಗೆ ಹೋದಾಗ ಅಟ್ಟದ ಮೇಲಿನ ಆ ಫೋಟೋಗಳನ್ನು ಕೆಳಗಿಳಿಸಿ. ಮನೆಯಲ್ಲಿ ಎಲ್ಲರಿಗಿಂತ ಹಿರಿಯರಾದ ಅತ್ತೆಯನ್ನೋ ದೊಡ್ಡಮ್ಮನನ್ನೋ ಪಕ್ಕದಲ್ಲಿ ಕೂಡಿಸಿಕೊಂಡು, ಒಬ್ಬೊಬ್ಬರನ್ನೇ ತೋರಿಸಿ ಕೇಳಿ. ಗಂಡಸರ ಹೆಸರು ಹೇಗೂ ಗೊತ್ತಿರುತ್ತದೆ, ಅಂಚಿನಲ್ಲಿ ನಿಂತವರಿಂದ ಶುರುಮಾಡಿ. ಹೆಸರು, ತವರೂರು, ಯಾರ ಮಗಳು, ಯಾವ ಸಂದರ್ಭ, ಸುಮಾರು ಯಾವ ವರ್ಷ ಇಷ್ಟು ಸಾಕು. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಖದ ಮೇಲೆ ಗೀರು ಮೂಡುತ್ತದೆ, ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬೆನ್ನ ಮೇಲೆ ಅಂಚಿಗೆ ಬರೆಯಿರಿ. ಫೋನಿನಲ್ಲಿರುವ ಸಾವಿರದಲ್ಲಿ ಹತ್ತನ್ನಾದರೂ ಕಾಗದಕ್ಕೆ ಇಳಿಸಿ ಹಾಗೆಯೇ ಬರೆದಿಡಿ. ಹಿರಿಯರು ಮರೆತಿದ್ದರೆ ಬೇಸರ ಬೇಡ, ಒಂದು ಹೆಸರು ನೆನಪಾದರೆ ಅದರ ಸೆರಗು ಹಿಡಿದು ನಾಲ್ಕು ಬರುತ್ತವೆ. ಕುರುಗೋಡಿನ ನನ್ನ ಒಬ್ಬ ವಿದ್ಯಾರ್ಥಿನಿ ಕಳೆದ ವರ್ಷ ಹೀಗೇ ಕೇಳಿಕೊಂಡು ಬಂದಳು. ಅವಳ ಮುತ್ತಜ್ಜಿಯ ಹೆಸರೂ ಅವಳ ಹೆಸರೂ ಒಂದೇ ಎಂದು ಮನೆಯವರಿಗೇ ಗೊತ್ತಿರಲಿಲ್ಲವಂತೆ.